ಊತದ ಮಾತ್ರೆ

ನಮ್ಮ ಅತ್ತಿಗೆಯನ್ನು ನೋಡಿ "ತಿಂದು ತಿಂದು ಹೀಗಾಗಿದಾಳೆ" ಎಂದವರು ಒಬ್ಬಿಬ್ಬರಲ್ಲ. ಎಂದವರಿಗೆಲ್ಲ ನಾನು ನಿಂತ ನಿಲುವಿನಲ್ಲೇ ಉತ್ತರ ಕೊಟ್ಟಿದ್ದೇನೆ. ಅದಕ್ಕೇ ನನಗೆ ಬಾಯಿಬಡುಕಿ ಎಂದು ಹೆಸರು. ಇರಲಿ, ಆ ಹೆಸರಿಗೆ ನಾನೇನೂ ನಾಚುವವಳಲ್ಲ. ಮನೆಯಲ್ಲಿ ಅಡುಗೆ ಮಾಡಿ ಬಡಿಸುತ್ತಿದ್ದವಳು ನಾನು. ಅತ್ತಿಗೆ ಎಷ್ಟು ತಿನ್ನುತ್ತಿದ್ದರು ಎಂಬುದು ಬೀದಿಯವರಿಗಿಂತ ನನಗೆ ಚೆನ್ನಾಗಿ ಗೊತ್ತು. ಒಂದು ಸೌಟು ಅನ್ನ, ಅದರಲ್ಲೂ ಅರ್ಧ ತಟ್ಟೆಯ ಅಂಚಿಗೆ. ಅವರು ಊದಿಕೊಂಡದ್ದು ಅನ್ನದಿಂದಲ್ಲ, ಮಾತ್ರೆಯಿಂದ.

ಗಂಡನ ಮನೆ ಬಿಟ್ಟು ಬಂದ ನಾದಿನಿಯನ್ನು ಯಾವ ಅತ್ತಿಗೆ ತಾನೇ ಬಾ ಎನ್ನುತ್ತಾಳೆ? ಇವರು ಅಂದರು. ಯಾಕೆ ಬಂದೆ ಎಂದೂ ಕೇಳಲಿಲ್ಲ. ನನ್ನ ಪೆಟ್ಟಿಗೆ ಒಳಗಿಟ್ಟು, "ಬಟನ್ ಹೊಲಿಯೋಕೆ ಬರುತ್ತಾ?" ಎಂದಷ್ಟೇ ಕೇಳಿದರು. ಬರುತ್ತೆ ಅಂದೆ. ಬರುತ್ತಿರಲಿಲ್ಲ. ಅದನ್ನೂ ಅವರೇ ಕಲಿಸಿದರು.

ನಮ್ಮದು ಕುಶನ್ ಅಂಗಡಿ. ಕೆಳಗೆ ಅಂಗಡಿ, ಮೇಲೆ ಎರಡು ಕೋಣೆಯ ಮನೆ, ನಡುವೆ ಏಣಿಯಂಥ ಕಡಿದಾದ ಮೆಟ್ಟಿಲು. ಕೂತು ಕೂತು ಗುಳಿ ಬಿದ್ದ ಸೋಫಾ, ಹರಿದ ಆಫೀಸು ಕುರ್ಚಿ, ಬಸ್ಸಿನ ಸೀಟು, ಎಲ್ಲ ನಮ್ಮಲ್ಲಿಗೆ ಬರುತ್ತವೆ. ಅಣ್ಣ ಹಳೆಯ ಬಟ್ಟೆ ಕಿತ್ತು, ಸ್ಪ್ರಿಂಗು ಬಿಗಿದು, ಸ್ಪಂಜು ಕೂರಿಸಿ ಮೊಳೆ ಹೊಡೆಯುತ್ತಾನೆ. ಅಳತೆ, ಕತ್ತರಿ, ಹೊಲಿಗೆ ಅತ್ತಿಗೆಯದು. ರೆಕ್ಸಿನ್ ಕೆಲಸವೆಂದರೆ ಬಟ್ಟೆ ಹೊಲಿದ ಹಾಗಲ್ಲ. ಸೂಜಿ ಒಮ್ಮೆ ತಪ್ಪಿದರೆ ಆ ತೂತು ಮುಚ್ಚುವುದೇ ಇಲ್ಲ. ಅತ್ತಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಮೊಣಕೈಯುದ್ದದ ಕತ್ತರಿ ಹಿಡಿದು, ಮೇಜಿನ ಈ ತುದಿಯಿಂದ ಆ ತುದಿಗೆ ನಿಲ್ಲಿಸದೆ ಕತ್ತರಿಸಿಕೊಂಡು ಹೋಗುವುದನ್ನು ನೋಡಬೇಕಿತ್ತು. "ಇವಳು ಕತ್ತರಿಸಿದ್ದನ್ನ ತೊಡಿಸಿದ್ರೆ ಸೋಫಾನೇ ಉಸಿರು ಬಿಗಿಹಿಡಿಯುತ್ತೆ" ಎಂದು ಅಣ್ಣ ಗಿರಾಕಿಗಳ ಮುಂದೆ ಹೇಳಿಕೊಳ್ಳುತ್ತಿದ್ದ.

ಮೊದಲು ಹಿಡಿದದ್ದು ಬೆರಳುಗಳನ್ನೇ. ಬೆಳಿಗ್ಗೆ ಎದ್ದರೆ ಮುಷ್ಟಿ ಬಿಚ್ಚುತ್ತಿರಲಿಲ್ಲ. ಬಿಸಿನೀರಿನಲ್ಲಿ ಅದ್ದಿ, ಒಂದೊಂದೇ ಬೆರಳನ್ನು ನಾನು ನೀವಿ ಬಿಡಿಸಬೇಕಾಗಿತ್ತು. ಆಮೇಲೆ ಮಣಿಕಟ್ಟು, ಆಮೇಲೆ ಮಂಡಿ. ಕೀಲಿನ ಡಾಕ್ಟರಮ್ಮ ಎಂದು ನಾವು ಕರೆಯುತ್ತಿದ್ದ ವಯಸ್ಸಾದ ವೈದ್ಯೆ ರಕ್ತ ಪರೀಕ್ಷೆ ಮಾಡಿಸಿ, ಮೈಯನ್ನು ಕಾಯಬೇಕಾದ ಶಕ್ತಿಯೇ ಮೈಯ ಮೇಲೆ ತಿರುಗಿಬಿದ್ದು ಕೀಲುಗಳನ್ನು ತಿನ್ನುತ್ತಿದೆ ಎಂದು ನಿಧಾನವಾಗಿ ವಿವರಿಸಿದರು.

"ಬೇಲಿನೇ ಎದ್ದು ಹೊಲ ಮೇಯ್ತು ಅನ್ನಿ" ಎಂದೆ ನಾನು.

"ಅಷ್ಟೇ ಕಣಮ್ಮ. ಬೇಲಿ ಕಿತ್ತುಹಾಕೋಕೂ ಆಗಲ್ಲ" ಎಂದರು ಅವರು.

ಮಾತ್ರೆಗಳು ಶುರುವಾದವು. ಡಬ್ಬಿಯ ಮೇಲಿನ ಹೆಸರುಗಳು ನಮ್ಮ ನಾಲಗೆಗೆ ಹೊರಳುತ್ತಿರಲಿಲ್ಲ, ಹಾಗಾಗಿ ಅತ್ತಿಗೆಯೇ ಹೆಸರಿಟ್ಟರು. ವಾರಕ್ಕೊಮ್ಮೆ ನುಂಗುವುದು ವಾರದ ಮಾತ್ರೆ. ಮೂಳೆಗೆ ಕೊಟ್ಟದ್ದು ಸುಣ್ಣದ ಮಾತ್ರೆ. ದಿನಾ ಬೆಳಿಗ್ಗೆಯ ಸಣ್ಣ ಬಿಳಿ ಮಾತ್ರೆಗೆ ಬೇರೆ ಹೆಸರಿತ್ತು. ಅದು ನೋವನ್ನೇನೋ ತಗ್ಗಿಸಿತು, ಆದರೆ ವರ್ಷ ಕಳೆಯುವುದರಲ್ಲಿ ಅತ್ತಿಗೆಯ ಕೆನ್ನೆ ಊದಿತು, ಕುತ್ತಿಗೆಯ ಹಿಂದೆ ಗಂಟು ಕಟ್ಟಿತು, ಹೊಟ್ಟೆ ಮುಂದೆ ಬಂತು. ಅದಕ್ಕೆ ಅವರು ಊತದ ಮಾತ್ರೆ ಎಂದು ಹೆಸರಿಟ್ಟರು. ಊತ ಬರಿಸುವ ಮಾತ್ರೆ ಎಂದು ಅದರ ಅರ್ಥ. ನಮ್ಮ ಮನೆಯಲ್ಲಿ ಅದಕ್ಕೆ ಬೇರೆ ಅರ್ಥವೇ ಇರಲಿಲ್ಲ.

ತೂಕ ಏರಿದಂತೆ ಮಂಡಿ ಸವೆಯಿತು. ಒಂದು ದಿನ ಮೆಟ್ಟಿಲು ಹತ್ತಿ ಮೇಲೆ ಬಂದವರು ಮತ್ತೆ ಇಳಿಯಲಾರದೆ ಹೋದರು. ಕತ್ತರಿಸುವುದಕ್ಕೆ ಅಣ್ಣ ಒಬ್ಬನನ್ನು ಇಟ್ಟುಕೊಂಡ. ಕಟಿಂಗ್ ಮಾಸ್ತರ ಎಂದು ತನ್ನನ್ನು ತಾನೇ ಕರೆದುಕೊಳ್ಳುತ್ತಿದ್ದ ಮನುಷ್ಯ, ಮೂಗಿಗಿಂತ ಮೂಗುತಿ ಭಾರ. ಅವನು ಹೊಲಿದ ಸೀಟು ಮೂಲೆ ಮೂಲೆಗೆ ಸುಕ್ಕು. ಅದನ್ನು ಮೇಲೆ ತಂದು ತೋರಿಸಿದರೆ ಅತ್ತಿಗೆ ಮಂಚದ ಮೇಲೆ ಕೂತು ಆ ಸುಕ್ಕನ್ನು ಮಡಚಿದ ಬೆರಳಿನಿಂದಲೇ ಎಳೆದೆಳೆದು ನೋಡುತ್ತಿದ್ದರು. ಬೈಯುತ್ತಿರಲಿಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

"ನನಗೆ ಬೇರೇನೂ ಬೇಡ ಕಣೇ" ಎನ್ನುತ್ತಿದ್ದರು. "ನನ್ನ ಕಾಲ ಮೇಲೆ ನಾನು ಕೆಳಗೆ ಇಳಿದು, ಕತ್ತರಿ ಹಿಡೀಬೇಕು. ಆ ಊತದ ಮಾತ್ರೆ ಒಂದು ತಪ್ಪಬೇಕು."

ಅದೇನು ಸುಲಭವೇ? ಮಂಡಿ ಬದಲಿಸಿ ಎಂದರೆ ತೂಕ ಇಳಿಸಿ ಬನ್ನಿ ಎನ್ನುತ್ತಿದ್ದರು. ತೂಕ ಇಳಿಸಲು ನಡೆಯಿರಿ ಎನ್ನುತ್ತಿದ್ದರು. ನಡೆಯಲು ಮಂಡಿ ಎಲ್ಲಿದೆ? ಮಾತ್ರೆ ನಿಲ್ಲಿಸಿ ಎಂದರೆ ಕೀಲು ಸುಮ್ಮನಿರುವುದಿಲ್ಲ. ಹುಚ್ಚು ಬಿಡೋವರೆಗೆ ಮದುವೆ ಆಗಲ್ಲ, ಮದುವೆ ಆಗೋವರೆಗೆ ಹುಚ್ಚು ಬಿಡಲ್ಲ ಅಂದ ಹಾಗಾಯಿತು ನಮ್ಮ ಕಥೆ. ಕೊನೆಗೆ ಕೀಲಿನ ಡಾಕ್ಟರಮ್ಮನೇ, ಹೊಟ್ಟೆಯನ್ನು ಚಿಕ್ಕದು ಮಾಡುವ ಆಪರೇಷನ್ ಇದೆ, ಇಂಥ ರೋಗ ಇರುವವರಿಗೆ ಅಪಾಯ ಸ್ವಲ್ಪ ಹೆಚ್ಚು, ಆದರೂ ಯೋಚಿಸಿ ಎಂದರು. ತೂಕ ಇಳಿದ ಮೇಲೆ ಊತದ ಮಾತ್ರೆ ನಿಲ್ಲಿಸಬಹುದಾ ಎಂದು ಅತ್ತಿಗೆ ಕೇಳಿದರು. ನಮ್ಮ ಬಾಯಿಂದ ಕೇಳಿ ಕೇಳಿ ಡಾಕ್ಟರಮ್ಮನಿಗೂ ಆ ಹೆಸರು ಅಭ್ಯಾಸವಾಗಿತ್ತು. "ಮೆಲ್ಲಗೆ ಕಮ್ಮಿ ಮಾಡ್ತಾ ಬರೋಣ, ನಿಲ್ಲಿಸಬಹುದೇನೋ ನೋಡೋಣ" ಎಂದರು. ಅತ್ತಿಗೆಯ ಕಿವಿಗೆ ಬಿದ್ದದ್ದು ನಿಲ್ಲಿಸಬಹುದು ಎಂಬಷ್ಟೇ.

ಅಣ್ಣನಿಗೆ ಇಷ್ಟವಿರಲಿಲ್ಲ. "ಇರೋ ನೋವೇ ಸಾಲದಾ? ಗಾಯದ ಮೇಲೆ ಬರೆ ಯಾಕೆ?" ಎಂದ.

"ರೀ, ನೀವು ದಿನಾ ಕೆಳಗೆ ಹೋಗ್ತೀರಲ್ಲ" ಎಂದರು ಅತ್ತಿಗೆ.

ಆಪರೇಷನ್ ಚೆನ್ನಾಗಿಯೇ ಆಯಿತು. ಹೊಟ್ಟೆಯ ಡಾಕ್ಟರು ಚುರುಕಾದ ಹುಡುಗ, ಮಾತು ಕಡಿಮೆ. ಗಾಯ ಮಾಯುವ ತನಕ ವಾರದ ಮಾತ್ರೆ ಬೇಡ ಎಂದು ಇಬ್ಬರು ಡಾಕ್ಟರೂ ಮಾತಾಡಿಕೊಂಡು ಮೊದಲೇ ನಿಲ್ಲಿಸಿದ್ದರು. ಊತದ ಮಾತ್ರೆಯ ಬದಲು ಆಸ್ಪತ್ರೆಯಲ್ಲಿ ಸೂಜಿ ಕೊಡುತ್ತಿದ್ದರಂತೆ; ಯಾವ ಸೂಜಿ ಯಾತಕ್ಕೆ ಎಂದು ನಮಗೆ ಯಾರು ಹೇಳುತ್ತಾರೆ? ಮನೆಗೆ ಹೊರಡುವ ದಿನ ಒಬ್ಬ ನರ್ಸಮ್ಮ ಅವಸರವಸರವಾಗಿ ಬಂದು ಬೆರಳು ಮಡಚಿ ಒಪ್ಪಿಸಿದಳು.

"ಗಟ್ಟಿ ಪದಾರ್ಥ ಬೇಡ. ನೀರು ಗುಟುಕು ಗುಟುಕಾಗಿ ಕುಡೀಬೇಕು. ಭಾರ ಎತ್ತಬೇಡಿ. ಮೈಕೈ ನೋವು ಅಂತ ಊತದ ಮಾತ್ರೆ ಮಾತ್ರ ಇನ್ನು ಯಾವತ್ತೂ ಮುಟ್ಟಬೇಡಿ. ಹೊಟ್ಟೆ ತೂತು ಬೀಳುತ್ತೆ."

ಅತ್ತಿಗೆ ಅವಳ ಕೈ ಹಿಡಿದು ನಿಲ್ಲಿಸುವುದೊಂದೇ ಬಾಕಿ. "ಊತದ ಮಾತ್ರೆನಾ? ಯಾವತ್ತೂನಾ?"

"ಯಾವತ್ತೂ. ಎಲ್ಲ ಕಾಗದದಲ್ಲಿ ಬರೆದಿದೆ" ಎಂದು ಅವಳು ಪಕ್ಕದ ಮಂಚಕ್ಕೆ ಹೋದಳು.

ಅವಳು ಹೇಳಿದ್ದು ಊತ ಇಳಿಸುವ ನೋವಿನ ಮಾತ್ರೆಗಳ ವಿಷಯ ಎಂದು ನಮಗೆ ಗೊತ್ತಾದದ್ದು ಆಮೇಲೆ. ಹೊಟ್ಟೆ ಕೊಯ್ದವರಿಗೆಲ್ಲ ಹಾಗೇ ಹೇಳುತ್ತಾರಂತೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳಿ ಹೋದಳು ಪುಣ್ಯಾತ್ಗಿತ್ತಿ. ಕಾಗದದಲ್ಲಿ ಇದ್ದದ್ದು ಕಂಪನಿಯವರಿಟ್ಟ ಹೆಸರುಗಳು. ನಮ್ಮ ಮನೆಯ ಹೆಸರಿಗೂ ಅವಕ್ಕೂ ಏನು ಸಂಬಂಧ? ಅತ್ತಿಗೆ ಮಂಚದ ಮೇಲೆ ಕೂತು ಅತ್ತುಬಿಟ್ಟರು. ಅಷ್ಟು ಸಂತೋಷ ಅವರಿಗೆ. ಮನೆಗೆ ಬಂದವರು ಮೊದಲು ಮಾಡಿದ ಕೆಲಸವೆಂದರೆ, ಉಳಿದಿದ್ದ ಬಿಳಿ ಮಾತ್ರೆಗಳನ್ನು ಪಟ್ಟಿಯಿಂದ ಒಂದೊಂದಾಗಿ ಒತ್ತಿ ತೆಗೆದು ಸಿಂಕಿಗೆ ಹಾಕಿ ನಲ್ಲಿ ತಿರುಗಿಸಿದ್ದು. ನಾನು ಮಾಡುತ್ತೇನೆ ಎಂದರೂ ಕೊಡಲಿಲ್ಲ. "ಪೀಡೆ ತೊಲಗಲಿ" ಎಂದರು.

ಮೊದಮೊದಲು ಚೆನ್ನಾಗಿದ್ದರು. ತರಕಾರಿ ಬೇಯಿಸಿದ ನೀರನ್ನು ಚಮಚದಲ್ಲಿ ಕೊಟ್ಟರೆ ಕುಡಿಯುತ್ತಿದ್ದರು. ಆಮೇಲೆ ವಾಂತಿ ಹಿಡಿಯಿತು. ಕುಡಿದ ನೀರೂ ನಿಲ್ಲದಾಯಿತು. ಆಸ್ಪತ್ರೆಗೆ ಫೋನು ಮಾಡಿದರೆ, ಶುರುವಿನಲ್ಲಿ ಹೀಗೇ, ಗುಟುಕು ಇನ್ನೂ ಚಿಕ್ಕದು ಮಾಡಿ ಎಂದರು. ಮಾಡಿದೆವು. ಅಷ್ಟರಲ್ಲಿ ಕೀಲುಗಳೆಲ್ಲ ಒಟ್ಟಿಗೇ ತಿರುಗಿಬಿದ್ದವು. ಬೆರಳು ಮಡಚಿದ್ದು ಮಡಚಿದ ಹಾಗೇ, ಬಿಸಿನೀರಿಗೂ ಬಗ್ಗಲಿಲ್ಲ. ಮೈ ತಣ್ಣಗೆ, ಬೆವರು ಧಾರಾಕಾರ. ದಿಂಬಿನಿಂದ ತಲೆ ಎತ್ತಿದರೆ ಕಣ್ಣು ಮೇಲೆ ಹೋಗುತ್ತಿತ್ತು. ನೋಡಲು ಬಂದ ಪಕ್ಕದ ಮನೆಯಾಕೆ, "ಚೆನ್ನಾಗಿದ್ದ ಹೊಟ್ಟೆ ಕೊಯ್ಸಿಕೊಂಡ್ರೆ ಇನ್ನೇನಾಗುತ್ತೆ" ಎಂದಳು. ಬಾಗಿಲು ತೋರಿಸಿದೆ.

"ನನ್ನ ಬಿಟ್ಟುಬಿಡೇ, ಸಾಕು" ಎಂದರು ಅತ್ತಿಗೆ. ಹಾಗೆ ಹೇಳುವವರೇ ಅಲ್ಲ ಅವರು. ಸ್ವಲ್ಪ ಹೊತ್ತು ಬಿಟ್ಟು ಯಾವುದೋ ಸೋಫಾದ ಅಳತೆ ಕೇಳಿದರು. ಯಾವ ಸೋಫಾ ಅತ್ತಿಗೆ ಎಂದರೆ, "ಅದೇ, ಮೂರು ಜನ ಕೂರೋದು" ಎಂದು ಗೋಡೆಯ ಕಡೆ ನೋಡಿದರು. ಕೆಳಗೆ ಓಡಿ ಅಣ್ಣನನ್ನು ಕರೆದೆ.

ರಿಪೇರಿಗೆ ಬಂದಿದ್ದ ಒಂದು ಕುರ್ಚಿಯಲ್ಲಿ ಅವರನ್ನು ಕೂರಿಸಿ, ಪಟ್ಟಿಯಿಂದ ಬಿಗಿದು, ಅಣ್ಣ ಮತ್ತು ಕಟಿಂಗ್ ಮಾಸ್ತರ ಸೇರಿ ಆ ಕಡಿದಾದ ಮೆಟ್ಟಿಲಿನಲ್ಲಿ ಇಳಿಸಿದರು. ಪಾಪ, ಮಾಸ್ತರ ಒಂದೊಂದು ಮೆಟ್ಟಿಲಿಗೂ ಜೋಪಾನ ಅಮ್ಮ ಎನ್ನುತ್ತಿದ್ದ. ಅವತ್ತಿನಿಂದ ಅವನನ್ನು ಅಣಕಿಸುವುದು ಬಿಟ್ಟಿದ್ದೇನೆ. ಕತ್ತರಿಸುವ ಮೇಜನ್ನು ದಾಟಿಕೊಂಡೇ ಹೋದೆವು. ಅತ್ತಿಗೆಗೆ ಅದು ಕಾಣಿಸಲಿಲ್ಲ. ಕಾಣಿಸದೇ ಇದ್ದದ್ದೇ ಒಳ್ಳೆಯದು ಎಂದುಕೊಂಡೆ.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಹೊಟ್ಟೆಯ ಡಾಕ್ಟರು ಇರಲಿಲ್ಲ, ಆಪರೇಷನ್ನಿನಲ್ಲಿದ್ದರು. ಇದ್ದಾಕೆ ಬೇರೆ ಡಾಕ್ಟರು, ಕಣ್ಣಡಿ ಕಪ್ಪು ಕಟ್ಟಿದ ಹೆಣ್ಣುಮಗಳು. ಹೊಟ್ಟೆ ಒತ್ತಿ ನೋಡಿದರು, ಗಾಯ ನೋಡಿದರು, ಸಲೈನು ಹಾಕಿಸಿದರು. ರಕ್ತದೊತ್ತಡ ಏರಲೇ ಇಲ್ಲ. ಒಳಗೆ ಹೊಲಿಗೆ ಬಿಟ್ಟಿರಬಹುದು, ಮತ್ತೆ ಕೊಯ್ದು ನೋಡಬೇಕಾಗಬಹುದು ಎಂದರು. ಅಣ್ಣ ತಲೆಯ ಮೇಲೆ ಕೈ ಹೊತ್ತು ನೆಲದ ಮೇಲೇ ಕೂತುಬಿಟ್ಟ.

"ಯಾವ ಮಾತ್ರೆ ತಗೋತಿದ್ರು?" ಎಂದು ಡಾಕ್ಟರು ಕೇಳಿದರು.

"ಈಗ ಸುಣ್ಣದ್ದು ಮಾತ್ರ. ವಾರದ್ದು ನೀವೇ ನಿಲ್ಲಿಸಿದೀರಿ. ಊತದ ಮಾತ್ರೆನೂ ನಿಲ್ಲಿಸಿದ್ವಿ" ಎಂದೆ.

"ಊತದ ಮಾತ್ರೆ ನಿಲ್ಲಿಸಿದ್ದು ಒಳ್ಳೇದೇ ಆಯ್ತು" ಎಂದು ಅವರು ಆ ಕಡೆ ತಿರುಗಿದರು.

ಒಳ್ಳೇದಾಯ್ತಂತೆ. ಮಂಚದ ಮೇಲೆ ಅತ್ತಿಗೆ ಬಾಯಿ ಅರ್ಧ ತೆರೆದು, ತುಟಿ ಬೆಳ್ಳಗಾಗಿ ಬಿದ್ದಿದ್ದರು. ಈಕೆ ಒಳ್ಳೇದಾಯ್ತು ಎನ್ನುತ್ತಾಳೆ. ನನಗೆ ಎಲ್ಲಿತ್ತೋ ಸಿಟ್ಟು.

"ಏನ್ರೀ ಒಳ್ಳೇದು? ಆ ದರಿದ್ರ ಮಾತ್ರೆ ಇಷ್ಟು ವರ್ಷ ತಿನ್ನಿಸಿದೋರು ನೀವು. ಮುಖ ಊದಿಸಿದ್ದು ಅದು, ಕುತ್ತಿಗೆ ಊದಿಸಿದ್ದು ಅದು, ಮಂಡಿ ಮುರಿದು ಮೂಲೆಗೆ ಕೂರಿಸಿದ್ದು ಅದು. ಅದು ಊದಿಸಿದ್ದಕ್ಕೇ ತಾನೇ ಹೊಟ್ಟೆ ಕೊಯ್ದಿದ್ದು? ಅದನ್ನ ನಿಲ್ಲಿಸಿದ್ರೆ ಎದ್ದು ಓಡಾಡ್ತಾರೆ ಅಂದ್ಕೊಂಡ್ವಿ. ಎಲ್ಲಿ ಓಡಾಡ್ತಿದಾರೆ, ತೋರಿಸಿ."

ಅಣ್ಣ ನನ್ನ ಕೈ ಎಳೆದ. "ಬಾಯಿ ಮುಚ್ಚೇ, ಮಾರಾಯ್ತಿ."

ಡಾಕ್ಟರು ನಿಂತರು. "ಏನಂದ್ರಿ? ಆ ಮಾತ್ರೆ ಊತ ಇಳಿಸ್ತಿತ್ತಾ, ಬರಿಸ್ತಿತ್ತಾ?"

"ಬರಿಸ್ತಿತ್ತು ಅಂತ ತಾನೇ ಹೇಳ್ತಿರೋದು ನಾನು. ಅದಕ್ಕೇ ಆ ಹೆಸರು."

"ಸಣ್ಣದಾ? ಬಿಳೀದಾ? ದಿನಾ ಬೆಳಿಗ್ಗೆನಾ?" ಎಂದು ಕೇಳಿ, ಆಕೆ ಒಂದು ಹೆಸರು ಹೇಳಿದರು. ಅಣ್ಣ ಔಷಧಿ ಅಂಗಡಿಯಲ್ಲಿ ಆ ಹೆಸರು ಕೇಳಿ ಗುರುತಿದ್ದವನು ಹೌದು ಹೌದು ಎಂದ. ಡಾಕ್ಟರು ಅಲ್ಲಿಂದಲೇ ನರ್ಸನ್ನು ಕೂಗಿದರು, ಒಂದು ಸೂಜಿ ಮದ್ದು ತರಿಸಿ ತಾವೇ ಕೊಟ್ಟರು. ಮತ್ತೆ ಹೊಟ್ಟೆ ಕೊಯ್ಯುವ ಮಾತು ಅಲ್ಲಿಗೆ ನಿಂತಿತು. ಸಂಜೆಯಾಗುವುದರೊಳಗೆ ಅತ್ತಿಗೆ ಕಣ್ಣು ಬಿಟ್ಟು ನೀರು ಕೇಳಿದರು. ಕೊಟ್ಟ ನೀರು ಒಳಗೇ ನಿಂತಿತು. ನಾನು ಗೋಡೆಗೆ ಒರಗಿ, ಎಷ್ಟೋ ವರ್ಷಕ್ಕೆ, ಬಾಯಿ ಬಿಟ್ಟು ಅತ್ತೆ.

ಸಮಾಧಾನದಿಂದ ಅತ್ತದ್ದು ತೀರ ಬೇಗವಾಯಿತು. ಮರುದಿನ ಕೀಲಿನ ಡಾಕ್ಟರಮ್ಮ ವಾರ್ಡಿಗೆ ಬಂದು ಅತ್ತಿಗೆಯ ಪಕ್ಕದಲ್ಲಿ ಕೂತರು. ಹೊರಗಿನಿಂದ ವರ್ಷಗಟ್ಟಲೆ ಆ ಮಾತ್ರೆ ಬಂದು ಬಂದು, ಮೈ ಅದನ್ನು ತಾನೇ ತಯಾರಿಸಿಕೊಳ್ಳುವುದನ್ನು ಮರೆತುಬಿಟ್ಟಿದೆ. ತಟ್ಟನೆ ನಿಲ್ಲಿಸಿದರೆ ಪ್ರಾಣಕ್ಕೇ ಬರುತ್ತದೆ ಎಂದರು. ಒಂದು ದಿನವೂ ತಪ್ಪಿಸಬೇಡಿ ಎಂದು ಎಂದೋ ಶುರುವಿನಲ್ಲಿ ಹೇಳಿದ್ದರು. ನೋವಿಗಾಗಿ ಹಾಗೆ ಹೇಳುತ್ತಾರೆ ಎಂದು ನಾವು ತಿಳಿದಿದ್ದೆವು.

"ಹಾಗಾದ್ರೆ ಮುಂದೆ ನಿಲ್ಲಿಸಬಹುದಾ?" ಅತ್ತಿಗೆಯ ದನಿ ಹೊರಗೇ ಬರುತ್ತಿರಲಿಲ್ಲ.

"ಇಷ್ಟಾದ ಮೇಲೆ ನನಗೆ ಧೈರ್ಯ ಇಲ್ಲಮ್ಮ. ಜೀವ ಇರೋವರೆಗೂ ಬೇಕಾಗಬಹುದು."

"ಮತ್ತೆ ನಾನು ಹೊಟ್ಟೆ ಯಾಕೆ ಕೊಯ್ಸಿಕೊಂಡೆ?"

"ತೂಕ ಇಳಿಯುತ್ತೆ. ಮಂಡಿ ಬದಲಿಸಬಹುದು. ಆಗ ನಡೀತೀರಿ."

ಅತ್ತಿಗೆ ಎರಡು ಕೈಯನ್ನೂ ಹೊದಿಕೆಯಿಂದ ಹೊರಗೆ ತೆಗೆದು ಅವರ ಮುಂದಿಟ್ಟರು. ವಾರದ ಮಾತ್ರೆ ನಿಂತು, ಈ ಮಾತ್ರೆಯೂ ನಿಂತು, ಆ ಕೆಲವೇ ದಿನಗಳಲ್ಲಿ ಬೆರಳುಗಳು ಅಂಗೈಗೆ ಅಂಟಿದ್ದವು. ಡಾಕ್ಟರಮ್ಮ ಒಂದು ಬೆರಳನ್ನು ಬಿಡಿಸಲು ನೋಡಿದರು. ಅತ್ತಿಗೆ ಹಲ್ಲು ಕಚ್ಚಿದರು. ಅದು ಬಿಚ್ಚಲಿಲ್ಲ.

"ನೋಡೋಣ" ಎಂದರು ಡಾಕ್ಟರಮ್ಮ. ಡಾಕ್ಟರುಗಳ ನೋಡೋಣ ಎಂದರೆ ಏನು ಎಂದು ಇಷ್ಟು ವರ್ಷದಲ್ಲಿ ನಾವೂ ಕಲಿತಿದ್ದೆವು.

ಮನೆಗೆ ಬಂದ ಮೊದಲ ಬೆಳಿಗ್ಗೆ, ನಾನು ಬಿಳಿ ಮಾತ್ರೆಯನ್ನು ಎರಡು ಚಮಚಗಳ ನಡುವೆ ಒತ್ತಿ ಪುಡಿ ಮಾಡಿ, ನೀರು ಬೆರೆಸಿ ಬಾಯಿಯ ಹತ್ತಿರ ಹಿಡಿದೆ. ಅತ್ತಿಗೆ ತುಟಿ ಬಿಗಿದುಕೊಂಡರು. ಅಂಗಡಿಯ ಬಾಗಿಲು ತೆಗೆದು ಮೇಲೆ ಬಂದ ಅಣ್ಣ ಹೊಸ್ತಿಲಲ್ಲೇ ನಿಂತ.

"ಇವಳೇ, ತಗೋ" ಎಂದ.

ತಲೆಯಾಡಿಸಿದರು. ನಾನು ಗದರಿದೆ. ಇದೇನು ಹಟ ಮಾಡೋ ವಯಸ್ಸಾ ಎಂದೆ, ನಿಮ್ಮನ್ನ ಹೊತ್ತು ಹೊತ್ತು ಅಣ್ಣನ ಸೊಂಟ ಬಿದ್ದುಹೋಗಿದೆ ಎಂದೆ. ಬಾಯಿ ತೆರೆಯಲಿಲ್ಲ. ಹೊತ್ತು ಹೋಗುತ್ತಿತ್ತು, ಆ ಮಾತ್ರೆಗೆ ಹೊತ್ತು ಮೀರಬಾರದು ಎಂದು ಹತ್ತು ಸಲ ಹೇಳಿ ಕಳಿಸಿದ್ದರು. ಕೊನೆಗೆ ಚಮಚ ಪಕ್ಕಕ್ಕಿಟ್ಟು ಮಂಚದ ಅಂಚಿಗೆ ಕೂತೆ.

"ಅತ್ತಿಗೆ, ನೀವು ಕೆಳಗೆ ಇಳೀದಿದ್ರೆ ಬೇಡ. ಕತ್ತರಿ ಹಿಡೀದಿದ್ರೆ ಬೇಡ. ಊದಿಕೊಂಡೇ ಇರಿ, ಈ ಮಂಚದ ಮೇಲೇ ಇರಿ. ನಮಗೆ ನೀವಿದ್ರೆ ಸಾಕು."

"ನಿಮಗೆ ಸಾಕು ಕಣೇ" ಎಂದರು. "ನನಗೆ ಸಾಲಲ್ಲ."

ಕೆಳಗೆ ಮಾಸ್ತರ ಹೊಲಿಗೆ ಮೆಷೀನು ಶುರು ಮಾಡಿದ್ದು ಕೇಳಿಸುತ್ತಿತ್ತು. ಅತ್ತಿಗೆ ಮಡಚಿದ ಎರಡು ಕೈಯನ್ನೂ ಮುಂದೆ ಚಾಚಿದರು.

"ಕೊಡು ಇಲ್ಲಿ. ನಾನೇ ತಗೋತೀನಿ."

ಚಮಚವನ್ನು ಎರಡು ಮುಷ್ಟಿಗಳ ನಡುವೆ ಇಟ್ಟೆ. ಎತ್ತಿದರು. ಗಲ್ಲದ ಹತ್ತಿರ ಹೋಗುವಷ್ಟರಲ್ಲಿ ಅದು ಜಾರಿ ಹೊದಿಕೆಯ ಮೇಲೆ ಚೆಲ್ಲಿತು.

"ಇನ್ನೊಂದು ಮಾಡು" ಎಂದರು.

ಇನ್ನೊಂದು ಮಾಡಿದೆ. ಅದೂ ಚೆಲ್ಲಿತು. ಹಿಡಿಯಲು ನಾನು ಕೈ ಚಾಚಿದರೆ, "ಮುಟ್ಟಬೇಡ" ಎಂದರು. ಅಣ್ಣ ಗೋಡೆಯ ಕಡೆ ಮುಖ ತಿರುಗಿಸಿಕೊಂಡ. ನಾನು ಮೂರನೆಯ ಮಾತ್ರೆಯನ್ನು ಚಮಚದಲ್ಲಿಟ್ಟು ಒತ್ತತೊಡಗಿದೆ.